ಭಾನುವಾರದ ಗಿರಾಕಿಗಳು

ಕೆ.ಆರ್. ನಗರ
20 ಜನವರಿ 2025

ಪುಟ್ಟಿ,

ಈ ಕಾಗದ ಓದಿ ನೀನು ಸಿಟ್ಟಾಗುತ್ತೀಯ. ಅದು ಗೊತ್ತಿದ್ದೇ ಬರೆಯಲು ಕೂತಿದ್ದೇನೆ, ಎಂದಿನಂತೆ ಕೆಂಪಾಜಮ್ಮನ ಮನೆಯಲ್ಲಿ. ಅವಳು ತನ್ನ ಪಾಡಿಗೆ ರವಿಕೆ ಹೊಲಿಯುತ್ತಿದ್ದಾಳೆ. ನಿನ್ನ ಕಾಗದಗಳೂ ಅವಳ ವಿಳಾಸಕ್ಕೇ ಬರುವುದರಿಂದ ನಾನು ಯಾರಿಗೆ ಬರೆಯುತ್ತೇನೆಂದು ಅವಳಿಗೆ ಗೊತ್ತು, ಏನು ಬರೆಯುತ್ತೇನೆಂದು ಕೇಳುವುದಿಲ್ಲ. ಫೋನ್ ಮಾಡೋಣವೆಂದರೆ ನನ್ನ ಫೋನು ಒಂದು ಹೊತ್ತು ರಘು ಕೈಯಲ್ಲಿ, ಇನ್ನೊಂದು ಹೊತ್ತು ನಿಮ್ಮಪ್ಪನ ಕೈಯಲ್ಲಿ.

ನಿನ್ನ ತಮ್ಮನಿಗೆ ಹೆಣ್ಣು ಗೊತ್ತಾಗುವ ಹಾಗಿದೆ. ಹುಣಸೂರಿನ ನಂಜುಂಡೇಶ್ ಅವರ ಮಗಳು, ಹೆಸರು ಭೂಮಿಕ. ಅಲ್ಲೇ ಸ್ಕೂಲಿನಲ್ಲಿ ಮೇಡಂ. ಹೊಗೆಸೊಪ್ಪು ಬೆಳೆಯುವ ಮನೆ, ನಾಲ್ಕು ಜನ ಮಾತು ಕೇಳುವಂಥವರು. ಗದ್ದೆ ಮಾಡಿಕೊಂಡು ಊರಲ್ಲೇ ಇರುವ ಹುಡುಗ ಎಂದರೆ ಹೆಣ್ಣು ಹೆತ್ತವರು ಕಾಫಿ ಕೊಟ್ಟು ಸಾಗಹಾಕುವ ಕಾಲ ಇದು. ರಘು ಎಷ್ಟು ಮನೆಯಲ್ಲಿ ಹಾಗೆ ಕಾಫಿ ಕುಡಿದು ಬಂದಿದ್ದಾನೋ ನಾನು ಲೆಕ್ಕ ಬಿಟ್ಟಿದ್ದೇನೆ. ಈ ಹುಡುಗಿ ಒಪ್ಪಿದ್ದಾಳೆ. ಈಗ ಅವನು ಗದ್ದೆಗೆ ಹೋಗುವಾಗಲೂ ತಲೆ ಬಾಚಿಕೊಂಡು ಹೋಗುತ್ತಾನೆ.

ನಿನ್ನ ವಿಷಯ ಬಂತು. ಬರದೇ ಇರುತ್ತದೆಯೇ. ನಾನೇ ಹೇಳಿದೆ: ದೊಡ್ಡವಳು ಮಸ್ಕತ್‌ನಲ್ಲಿ ನರ್ಸು, ಅಳಿಯನೂ ಅಲ್ಲೇ, ಮಂಡ್ಯ ಕಡೆಯ ನಮ್ಮ ಜನವೇ ಅಂತ. ನಿಮ್ಮಪ್ಪ ತಲೆ ಬಗ್ಗಿಸಿ ಕೂತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೀನು ಮಸ್ಕತ್ ಬಿಟ್ಟು ಬಂದು ಬೈಲಕುಪ್ಪೆಯಲ್ಲಿ ಹೋಟೆಲ್ ಇಟ್ಟಿರುವುದು ಅವರಿಗೂ ಗೊತ್ತಿಲ್ಲ, ರಘುಗೂ ಗೊತ್ತಿಲ್ಲ. ಗೊತ್ತಿರುವುದು ನನಗೊಬ್ಬಳಿಗೇ.

ಈಗ ಬಂದಿರುವ ಕಷ್ಟ ಕೇಳು. ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಎರಡೂ ಮನೆಯವರು ಒಂದು ಭಾನುವಾರ ಬೈಲಕುಪ್ಪೆಯ ದೇವಸ್ಥಾನಕ್ಕೆ ಹೋಗುವುದೆಂದು ಮಾತಾಗಿದೆ. ಆ ಹುಡುಗಿ ಫೋನಿನಲ್ಲಿ ಏನೋ ನೋಡಿದ್ದಾಳಂತೆ. ಅಲ್ಲಿ ಫಿಲಿಪೈನ್ಸ್ ಊಟದ ಹೋಟೆಲು ಇದೆ, ಅಲ್ಲೇ ಊಟ ಮಾಡಬೇಕು ಎಂದು ಕೂತಿದ್ದಾಳೆ. ನಾನು ಬೇರೆ ಹೋಟೆಲಿನ ಹೆಸರು ಹೇಳಿ ನೋಡಿದೆ. ರಘುನೇ, “ಅವಳು ಆಸೆಪಟ್ಟವ್ಳೆ ಬುಡವ್ವ, ಒಂದಿನ ತಿಂದ್ರೆ ಏನಾಯ್ತದೆ” ಅಂದ.

ಆ ಒಂದು ದಿನ ಬಾಗಿಲು ಮುಚ್ಚು, ಪುಟ್ಟಿ. ನಿನ್ನ ತಮ್ಮನ ಮುಖ ನೋಡಿ ಮುಚ್ಚು. ದಿನ ಗೊತ್ತಾದ ಕೂಡಲೇ ಬರೆಯುತ್ತೇನೆ.

ನಿನ್ನ ಅವ್ವ,
ಸುನಂದಮ್ಮ


ಬೈಲಕುಪ್ಪೆ
27 ಜನವರಿ 2025

ಅವ್ವ,

ಸಿಟ್ಟು ಬರಲಿಲ್ಲ. ನಗು ಬಂತು, ಆಮೇಲೆ ನಗಲಾಗಲಿಲ್ಲ.

ನಾವು ಈ ಊರನ್ನೇ ಯಾಕೆ ಆರಿಸಿಕೊಂಡೆವು ಎಂದು ನೀನು ಯಾವತ್ತೂ ಕೇಳಲಿಲ್ಲ. ಮೈಸೂರಿನಲ್ಲಿ ಮನೆ ಹುಡುಕಿದಾಗ ಫಿಲಿಪೈನ್ಸಿನ ನಿನ್ನ ಅಳಿಯ ರಮಿಲ್‌ನ ಮುಖ ನೋಡಿ ಜನ ಬಾಗಿಲು ಅರ್ಧ ತೆಗೆದೇ ಮಾತಾಡುತ್ತಿದ್ದರು. ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕ್ಯಾಂಪಿನ ಟಿಬೆಟಿಯನ್ ಎಂದುಕೊಳ್ಳುತ್ತಾರೆ. ಅವನು ಸಂತೆಯಲ್ಲಿ ಮೀನು ಕೇಳಿದರೆ ಮೀನಿನವಳು ಕನ್ನಡದಲ್ಲೇ ಬೈಯುತ್ತಾಳೆ, ಅವನು ಕನ್ನಡದಲ್ಲೇ ಚೌಕಾಸಿ ಮಾಡುತ್ತಾನೆ. ಕೊಡಗಿಗೆ ಹೋಗುವವರು, ದೇವಸ್ಥಾನ ನೋಡಲು ಬರುವವರು ನಿಲ್ಲುತ್ತಾರೆ. ಮೊದಮೊದಲು ಊಟದ ಚಿತ್ರ ನೋಡಿ ನಕ್ಕು ಹೋಗುತ್ತಿದ್ದರು. ಈಗ ಭಾನುವಾರ ಬಂದರೆ ಮಕ್ಕಳು ಮರಿ ಕಟ್ಟಿಕೊಂಡು ಬಂದು ಹೊರಗೆ ಕಾಯುತ್ತಾರೆ. ‘ಕುಸಿನಾ ಫ್ಯಾಮಿಲಿ ರೆಸ್ಟೋರೆಂಟ್’ ಎಂದು ಬೋರ್ಡು. ಕುಸಿನಾ ಎಂದರೆ ಅವನ ಭಾಷೆಯಲ್ಲಿ ಅಡುಗೆಮನೆ.

ಅದನ್ನು ಮುಚ್ಚು ಎನ್ನುತ್ತೀಯ. ಐದು ವರ್ಷದ ಹಿಂದೆ ನಮ್ಮ ಮದುವೆ ಸುದ್ದಿ ಕೇಳಿ ಅಪ್ಪ ಫೋನಿನಲ್ಲಿ, “ನಮ್ಮ ಹೊಸಿಲು ತುಳೀಬ್ಯಾಡ” ಅಂದರು. ನಾನು ತುಳಿಯಲಿಲ್ಲ. ಈಗ ನೀವು ನನ್ನ ಹೊಸಿಲಿಗೆ ಬರುವಾಗಲೂ ನಾನೇ ಜಾಗ ಬಿಡಬೇಕೇ?

ಮುಚ್ಚುವುದಿಲ್ಲ, ಅವ್ವ. ಹಾಗೆಂದು ರಘುವಿನ ಬದುಕಿಗೆ ಕಲ್ಲು ಹಾಕುವವಳೂ ನಾನಲ್ಲ. ಬನ್ನಿ, ಕೂರಿ, ಊಟ ಮಾಡಿ ಹೋಗಿ. ನಾನು ಯಾರನ್ನೂ ಅಪ್ಪ, ಅವ್ವ ಎಂದು ಕರೆಯುವುದಿಲ್ಲ. ಬಂದ ಗಿರಾಕಿಗಳಿಗೆ ಬಡಿಸಿದಂತೆ ಬಡಿಸುತ್ತೇನೆ.

ಪುಟ್ಟಿ


ಕೆ.ಆರ್. ನಗರ
5 ಫೆಬ್ರವರಿ 2025

ಪುಟ್ಟಿ,

ಫೆಬ್ರವರಿ ಹದಿನಾರು, ಭಾನುವಾರ, ಮಧ್ಯಾಹ್ನ. ನಮ್ಮ ಕಡೆಯಿಂದ ಮೂವರು, ಅವರ ಕಡೆಯಿಂದ ನಂಜುಂಡೇಶ್, ಅವರ ಹೆಂಡತಿ ಚಿಕ್ಕಬಸಮ್ಮ, ಹುಡುಗಿ.

ನೀನು ಹಟ ಹಿಡಿದ ಮೇಲೆ ನಾನೇನು ಹೇಳಲಿ. ಒಂದೆರಡು ಮಾತಾದರೂ ನಡೆಸಿಕೊಡು. ಈಗ ಹೋಟೆಲಿನಲ್ಲಿ ಬಡಿಸುವವರು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತಾರಲ್ಲ, ಅದನ್ನು ಹಾಕಿಕೋ. ಜಾಸ್ತಿ ಮಾತಾಡಬೇಡ. ನಿನ್ನ ದನಿ ಕೇಳಿದರೆ ನಿಮ್ಮಪ್ಪನಿಗೆ ಗೊತ್ತಾಗಿಬಿಡುತ್ತದೆ. ನಿನ್ನ ಯಜಮಾನರು ಅಡುಗೆಮನೆ ಬಿಟ್ಟು ಹೊರಗೆ ಬರುವುದು ಬೇಡ.

ಇನ್ನೊಂದು. ನಿನ್ನ ಮಗಳು ಚಿನ್ನು ಎದುರಿಗೆ ಬರಬಾರದು. ನೀನು ಕಳಿಸಿದ ಫೋಟೋ ನಾನು ಕೆಂಪಾಜಮ್ಮನ ಮನೆಯಲ್ಲೇ ಇಟ್ಟಿದ್ದೇನೆ, ಹೋದಾಗಲೆಲ್ಲ ನೋಡುತ್ತೇನೆ. ಆ ಕೂಸಿಗೆ ನಿಮ್ಮಪ್ಪನ ಹಣೆ, ನಿಮ್ಮಪ್ಪನ ಕಿವಿ. ನೋಡಿದವರು ಯಾರಾದರೂ ಹೇಳಿಬಿಡುತ್ತಾರೆ.

ಇದನ್ನೆಲ್ಲ ಬರೆಯಲು ನನಗೆ ಕೈ ಬಂತಲ್ಲ ಎಂದು ನೀನು ಅಂದುಕೊಳ್ಳುತ್ತೀಯ. ಅಂದುಕೋ.

ಅವ್ವ


ಬೈಲಕುಪ್ಪೆ
17 ಫೆಬ್ರವರಿ 2025

ಅವ್ವ,

ಸೋಮವಾರ ನಮಗೆ ರಜ. ನಿನ್ನೆ ನೀನು ಕೂತಿದ್ದ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ನೀನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ನಿನಗೆ ಕಾಣದ್ದನ್ನು ನಾನು ಹೇಳಬೇಕು.

ನಿಮ್ಮ ಕಾರುಗಳು ನಿಂತಾಗ ರಮಿಲ್ ಒಲೆ ಮುಂದಿದ್ದ. ಅವನು ಬೆಳಿಗ್ಗೆಯೇ ಹೊಸ ಅಂಗಿ ಹಾಕಿಕೊಂಡಿದ್ದ. ಹೊರಗೆ ಬರುವ ಹಾಗಿಲ್ಲ ಎಂದು ಅವನಿಗೆ ನಾನೇ ಹೇಳಿದ್ದೆ, ಆದರೂ ಹಾಕಿಕೊಂಡಿದ್ದ. ಚಿನ್ನುವನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಬಿಡಿಸಲು ಅವರೆಕಾಯಿ ಕೊಟ್ಟಿದ್ದೆ. “ಯಾರು ಬಂದ್ರಮ್ಮ?” ಎಂದು ಕೇಳಿದಳು. “ಗಿರಾಕಿಗಳು” ಅಂದೆ.

ನಾನು ಮಾಸ್ಕ್ ಹಾಕಿಕೊಂಡೇ ಬಂದೆ. ಭೂಮಿಕ ಮೆನು ತಿರುವಿ ಚಿತ್ರಗಳ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು. ಒಳ್ಳೆಯ ಹುಡುಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಕೇಳುತ್ತಾಳೆ. ಅವಳಪ್ಪ ಮೆನುವನ್ನು ದೂರ ಹಿಡಿದು, “ಮುದ್ದೆ ಇಲ್ವೇನವ್ವ?” ಅಂದರು.

“ಇಲ್ಲ ಸಾರ್. ಅನ್ನ ಇದೆ.”

“ಇದ್ರೊಳಗೆ ಹಂದಿಗಿಂದಿ ಆಕಿಲ್ಲ ತಾನೆ?”

“ಇಲ್ಲ ಸಾರ್. ಅಡೋಬೊ ಅಂದ್ರೆ ಕೋಳಿ. ಬೆಳ್ಳುಳ್ಳಿ, ವಿನೆಗರ್ ಹಾಕಿ ಬೇಯಿಸಿರೋದು.”

ನಾನು ಇಷ್ಟು ಮಾತಾಡುವುದರೊಳಗೆ ರಘು ತಲೆ ಎತ್ತಿದ. ಮಾಸ್ಕಿನ ಮೇಲೆ ನನ್ನ ಕಣ್ಣು ನೋಡಿದ. ಆಮೇಲೆ ಫೋನ್ ತೆಗೆದ. ಊಟ ಮುಗಿಯುವವರೆಗೆ ಆ ಫೋನ್ ಇಳಿಸಲಿಲ್ಲ. ಪಕ್ಕದಲ್ಲಿ ಆ ಹುಡುಗಿ ಏನೋ ಹೇಳಿದರೆ ಹೂಂ ಹೂಂ ಎನ್ನುತ್ತಿದ್ದ.

ಚಿಕ್ಕಬಸಮ್ಮನವರಿಗೆ ‘ಹಾಲೋ ಹಾಲೋ’ ಎಂಬ ಹೆಸರು ಕೇಳಿ ನಗು. “ಇದೇನು ತಿನ್ನೋದೋ, ಫೋನಲ್ಲಿ ಅನ್ನೋದೋ” ಅಂದರು. ಎಲ್ಲರೂ ನಕ್ಕಿರಿ. ಐಸು, ಹಾಲು, ಹಲಸಿನ ತೊಳೆ, ಬೇಯಿಸಿದ ಕಾಳು ಹಾಕಿ ಕೊಡುವ ಸಿಹಿ ಎಂದೆ. ನೀನೂ ನಕ್ಕೆ, ಅವ್ವ. ಎಷ್ಟು ದಿನವಾಗಿತ್ತು ಆ ನಗು ಕೇಳಿ. ಕೇಳುವಾಗ ನಾನು ಗಿರಾಕಿಗಳ ಲೋಟಕ್ಕೆ ನೀರು ಹಾಕುತ್ತಿದ್ದೆ.

ಸಿನಿಗಾಂಗ್ ತಂದಿಟ್ಟೆ. ಹುಣಸೆಹುಳಿಯಲ್ಲಿ ಮೀನು ಬೇಯಿಸಿದ ತಿಳಿಸಾರು. ನಂಜುಂಡೇಶ್ ಒಂದು ಚಮಚ ಬಾಯಿಗಿಟ್ಟು ಖಾರವೇ ಇಲ್ಲವಲ್ಲ ಎಂದು ಪಕ್ಕಕ್ಕೆ ತಳ್ಳಿದರು. ಅಪ್ಪ ಆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ಅನ್ನಕ್ಕೆ ಸುರಿದುಕೊಂಡರು. ಅವರು ಅನ್ನ ಕಲಸುವುದನ್ನು ನೋಡುತ್ತಾ ನಾನು ಒಂದು ಗಳಿಗೆ ನಿಂತುಬಿಟ್ಟೆ. ಆಗಲೇ ಚಿಕ್ಕಬಸಮ್ಮ ಕೇಳಿದ್ದು:

“ನಮ್ಮ ಕಡೆ ಮಾತೇ ಆಡ್ತೀಯಲ್ಲವ್ವ. ಯಾವೂರು ನಿಂದು?”

“ಇಲ್ಲೇ ಅಮ್ಮ.”

ಅವರು ಅಡುಗೆಮನೆಯ ಕಿಂಡಿ ಕಡೆ ಕಣ್ಣು ಹಾಯಿಸಿದರು. “ಅಡುಗೆಯವನು ನಿನ್ನ ಗಂಡನಾ? ಆ ಮಕದೋನು?”

“ಹೌದು.”

ಅವರು ದನಿ ತಗ್ಗಿಸಿಯೇ ನಿನ್ನ ಕಡೆ ತಿರುಗಿದರು. ಆದರೆ ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. “ಯಾರ ಮನೆ ಹೆಣ್ಣೋ ಕಾಣೆ. ಹೆತ್ತೋರ ಹೊಟ್ಟೆಗೆ ಬೆಂಕಿ ಆಕಿ ಬಂದವ್ಳೆ. ಅಲ್ವಾ ಸುನಂದಮ್ಮ?”

ನೀನು ಸುಮ್ಮನಿರಬಹುದಿತ್ತು. ಹೂಂ ಎಂದು ಬಿಡಬಹುದಿತ್ತು. ನೀನು ಹೇಳಿದೆ: “ಊಂ ಕಣ್ರೀ. ಅಂಥೋರನ್ನ ಹೆತ್ತೋರು ಹೆಂಗೆ ಬದುಕ್ತಾರೋ.”

ಆ ಮಾತು ಮಾತ್ರ ನಮ್ಮ ಕರಾರಿನಲ್ಲಿ ಇರಲಿಲ್ಲ, ಅವ್ವ. ಮಾಸ್ಕ್ ಹಾಕು ಅಂದೆ, ಹಾಕಿದೆ. ಮಗುವನ್ನು ಬಚ್ಚಿಡು ಅಂದೆ, ಬಚ್ಚಿಟ್ಟೆ. ನೀನು ಆ ಮಾತು ಆಡಿದ ಮೇಲೆ ನಾನು ಮಾಸ್ಕ್ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಉಳಿದ ಊಟವನ್ನೆಲ್ಲ ಬರಿ ಮುಖದಲ್ಲೇ ಬಡಿಸಿದೆ. ನಿನ್ನ ತಟ್ಟೆಗೆ ಅನ್ನ ಹಾಕಿದಾಗ ನೀನು ತಟ್ಟೆಯನ್ನೇ ನೋಡುತ್ತಿದ್ದೆ. ಅಪ್ಪ ನೋಡಿದರು. ನನ್ನ ಮುಖವನ್ನು ಪೂರ್ತಿ ನೋಡಿ, ಮತ್ತೆ ತಲೆ ಬಗ್ಗಿಸಿ ಊಟ ಮಾಡಿದರು. ಅನ್ನ ಬಿಡಲಿಲ್ಲ, ಮೀನಿನ ಮುಳ್ಳು ಮಾತ್ರ ಬಿಟ್ಟರು.

ಕೈ ತೊಳೆಯಲು ಹೋದ ಅಪ್ಪ ಬೇಗ ಬರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ನಾನು ಹೋಗಿ ನೋಡುವಷ್ಟರಲ್ಲಿ ಅವರು ಕಾರಿನ ಹತ್ತಿರ ನಿಂತಿದ್ದರು.

ನೀವು ಹೋದ ಮೇಲೆ ರಮಿಲ್ ಕೇಳಿದ, “ಅತ್ತೆಗೆ ಊಟ ಸೇರಿತಾ?” ಸೇರಿತು ಎಂದೆ.

ಇನ್ನು ನನಗೆ ಬರೆಯಬೇಡ. ಕೆಂಪಾಜಮ್ಮನಿಗೂ ತೊಂದರೆ ಕೊಡಬೇಡ.

ಸುಚಿತ್ರ


ಕೆ.ಆರ್. ನಗರ
4 ಮಾರ್ಚ್ 2025

ಅಕ್ಕ,

ಬೋರ್ಡಿನಲ್ಲಿ ನಿನ್ನ ಫೋನ್ ನಂಬರ್ ಇತ್ತು. ಫೋನ್ ಮಾಡಿದರೆ ಕೆಟ್ಟ ಮಾತು ಆಡಿಬಿಡುತ್ತೇನೆ ಎಂದು ಬರೆಯುತ್ತಿದ್ದೇನೆ.

ನೀನು ಮಸ್ಕತ್‌ನಿಂದ ಬಂದಿರುವುದು ನನಗೆ ಗೊತ್ತಿದ್ದರೆ ನಾನೇ ಬಂದು ಕಾಲು ಹಿಡಿದು ಕೇಳಿಕೊಳ್ಳುತ್ತಿದ್ದೆ, ಒಂದು ದಿನ ಬಾಗಿಲು ಹಾಕಕ್ಕ ಅಂತ. ಅವ್ವ ಕೇಳಿಕೊಂಡಿದ್ದಳಂತೆ, ನೀನು ಒಪ್ಪಲಿಲ್ಲವಂತೆ. ಒಂದು ಭಾನುವಾರ, ಅಕ್ಕ. ನಿನಗೆ ನಿನ್ನ ಇಷ್ಟದ ಗಂಡ ಸಿಕ್ಕಿದ, ಮಗು ಆಯಿತು, ಹೋಟೆಲ್ ಆಯಿತು. ನನಗೆ ಯಾವುದಾಗಿದೆ ಹೇಳು.

ಅಪ್ಪ ಹುಣಸೂರಿನಲ್ಲಿ ಎಲ್ಲರ ಮುಂದೆ ಆ ಮಾತು ಹೇಳದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮದುವೆ ದಿನ ಗೊತ್ತಾಗಿರುತ್ತಿತ್ತು. ಅಪ್ಪನ ಬಾಯಿ ಬಿಡಿಸಿದ್ದು ನೀನು. ಮಾಸ್ಕ್ ತೆಗೆಯಬೇಕಾದ ಅಗತ್ಯ ಏನಿತ್ತು? ಈಗ ಹುಡುಗಿ ಮನೆಯವರು ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ಭೂಮಿಕ ನನ್ನ ಫೋನ್ ಎತ್ತುತ್ತಿಲ್ಲ.

ಉತ್ತರ ಬರೆಯಬೇಕಾಗಿಲ್ಲ.

ರಘು


ಬೈಲಕುಪ್ಪೆ
10 ಮಾರ್ಚ್ 2025

ಅವ್ವ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ. ರಘು ಕಾಗದ ಬಂದಿದೆ. ಹುಣಸೂರಿನಲ್ಲಿ ಅಪ್ಪ ಏನೋ ಹೇಳಿದರು, ಅದರಿಂದ ಎಲ್ಲ ಕೆಟ್ಟಿತು ಎಂದು, ನನಗೆ ಗೊತ್ತೇ ಇದೆ ಎನ್ನುವ ಹಾಗೆ ಬರೆದಿದ್ದಾನೆ. ನನಗೆ ಏನೂ ಗೊತ್ತಿಲ್ಲ. ಇಲ್ಲಿಂದ ಹೊರಟ ಮೇಲೆ ನೀವು ಎಲ್ಲಿ ಹೋದಿರಿ, ಅಪ್ಪ ಏನು ಅಂದರು? ಅದಷ್ಟನ್ನೇ ಬರೆ. ಬೇರೆ ಏನೂ ಬೇಡ.

ಸುಚಿತ್ರ


ಕೆ.ಆರ್. ನಗರ
14 ಏಪ್ರಿಲ್ 2025

ಪುಟ್ಟಿ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಅರ್ಧ ಆಗಿರುವುದನ್ನು ಬರೆದು ಏನು ಮಾಡಲಿ ಎಂದು ಸುಮ್ಮನಿದ್ದೆ. ಈಗ ಎಲ್ಲ ಮುಗಿದಿದೆ. ಇದನ್ನು ನಮ್ಮ ಜಗಲಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಎದುರಿಗೇ ಹಗ್ಗ ಹೊಸೆಯುತ್ತಿದ್ದಾರೆ.

ಅವತ್ತು ಬೈಲಕುಪ್ಪೆಯಿಂದ ಹೊರಟವರು ಹುಣಸೂರಿನಲ್ಲಿ ಅವರ ಮನೆಗೆ ಹೋದೆವು, ಕಾಫಿ ಕುಡಿದು ಹೋಗಿ ಎಂದು ಕರೆದರು. ಚಿಕ್ಕಬಸಮ್ಮ ಕಾಫಿ ಕೊಡುತ್ತಾ ಹೋಟೆಲಿನ ಮಾತೇ ತೆಗೆದರು. ಆಮೇಲೆ ನನ್ನನ್ನು ಕೇಳಿದರು, “ನಿಮ್ಮ ದೊಡ್ಡ ಮಗಳು ಅಳಿಯ ಮದ್ವೆಗೆ ರಜ ಆಕಿ ಬತ್ತಾರಾ? ಮಸ್ಕತ್ತು ಅಂದ್ರೆ ಬಲು ದೂರ.”

ನಾನು ಬಾಯಿ ತೆರೆದೆ. ನಿಮ್ಮಪ್ಪ ಲೋಟ ಕೆಳಗಿಟ್ಟರು.

“ದೂರ ಏನಿಲ್ಲ ಕಣವ್ವ. ಮಧ್ಯಾಹ್ನ ಬಡಿಸಿದ್ಲಲ್ಲ, ಅವಳೇಯ ನನ್ನ ಮಗಳು. ಅಡುಗೆ ಮಾಡಿದೋನು ಅಳಿಯ.”

ಮಳೆ ಬೆಳೆ ವಿಷಯ ಹೇಳಿದ ಹಾಗೆ ಹೇಳಿದರು. ನಂಜುಂಡೇಶ್, “ಏನ್ ಗೌಡ್ರೆ, ಇಂಗಂತೀರಾ” ಅಂದರು. “ಇದ್ದದ್ದು ಹೇಳ್ದೆ” ಎಂದು ನಿಮ್ಮಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮನೆಗೆ ಬಂದ ಮೇಲೆ ರಘು ಅವರ ಮೇಲೆ ಎಗರಾಡಿದ. ಮಗ ಅಪ್ಪನಿಗೆ ಆಡಬಾರದ್ದನ್ನೆಲ್ಲ ಆಡಿದ. ಅವನು ಸುಮ್ಮನಾದ ಮೇಲೆ ನಾನೇ ಕೇಳಿದೆ, ಇಷ್ಟು ವರ್ಷ ಆಡದಿದ್ದವರು ಇವತ್ತೇ ಯಾಕೆ ಆಡಿದಿರಿ ಅಂತ. ಆಗ ಹೇಳಿದರು. ಕೈ ತೊಳೆಯಲು ಹೋದಾಗ ಅಡುಗೆಮನೆಯ ತೆರೆದ ಬಾಗಿಲಾಚೆ ಮೂಲೆಯಲ್ಲಿ ಒಂದು ಕೂಸು ಅವರೆಕಾಯಿ ಬಿಡಿಸುತ್ತಾ ಕೂತಿತ್ತಂತೆ. ಹೆಸರು ಕೇಳಿದರಂತೆ. ಚಿನ್ನು ಅಂದಳಂತೆ. “ನಿಮ್ಮಜ್ಜ ಎಲ್ಲವ್ರೆ ಕೂಸೇ?” ಎಂದರೆ, “ನಮ್ಮಜ್ಜ ಮನಿಲಾದಲ್ಲಿ ಇದಾರೆ” ಎಂದಳಂತೆ. “ಇನ್ನೊಬ್ಬ ಅಜ್ಜ?” ಎಂದರೆ, ಇನ್ನೊಬ್ಬ ಅಜ್ಜ ಇಲ್ಲ ಅಂದಳಂತೆ. ಹೇಳಿ ಮತ್ತೆ ಕಾಯಿ ಬಿಡಿಸಿದಳಂತೆ.

“ಸತ್ತೋಗವ್ರೆ ಅಂದಿದ್ರೂ ತಡ್ಕತಿದ್ದೆ ಕಣೆ” ಅಂದರು.

ಇದು ಅಪ್ಪನ ವಿಷಯ. ನೀನು ಕೇಳಿದ್ದು ಇಷ್ಟೇ. ಆದರೂ ಮಿಕ್ಕಿದ್ದನ್ನೂ ಬರೆಯುತ್ತೇನೆ.

ಯುಗಾದಿ ಆದ ಮೇಲೆ ಚಿಕ್ಕಬಸಮ್ಮ ಒಬ್ಬರೇ ಮನೆಗೆ ಬಂದರು. ನಿಮ್ಮಪ್ಪ ಗದ್ದೆಗೆ ಹೋಗಿದ್ದರು. ರಘು ಬಾಗಿಲ ಬಳಿ ನಿಂತಿದ್ದ. ಅವರು ಹೇಳಿದರು, “ತಪ್ಪು ತಿಳ್ಕಬ್ಯಾಡಿ ಸುನಂದಮ್ಮ. ನಮ್ಮ ಯಜಮಾನ್ರು ಒಪ್ಪವ್ರೆ. ಒಂದೇ ಮಾತು. ನಿಮ್ಮ ಮಗಳು ಅಳಿಯ ಮಂಟಪಕ್ಕೆ ಬರಬಾರ್ದು, ಫೋಟೋದಲ್ಲಿ ನಿಲ್ಲಬಾರ್ದು. ಆಮ್ಯಾಕೆ ನೀವುಂಟು, ನಿಮ್ಮ ಮಗಳುಂಟು.”

ಹೂಂ ಎನ್ನುವುದು ನನ್ನ ನಾಲಿಗೆ ಮೇಲೆ ಬಂದಿತ್ತು, ಪುಟ್ಟಿ. ರಘು ನನ್ನನ್ನು ನೋಡುತ್ತಿದ್ದ ನೋಟ ಹಾಗಿತ್ತು. ಅಷ್ಟರಲ್ಲಿ ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಸಮಾಧಾನ ಮಾಡಲು ಹೋದರು. “ನಿಮ್ಮ ಸಂಕಟ ನಂಗೊತ್ತು ಬುಡಿ. ಅವತ್ತು ನೀವೇ ಅಂದ್ರಲ್ಲ, ಅಂಥೋರನ್ನ ಹೆತ್ತೋರು ಹೆಂಗೆ ಬದುಕ್ತಾರೋ ಅಂತ.”

ನಾನು ಕೈ ಬಿಡಿಸಿಕೊಂಡೆ. “ಬದುಕಿದೀನಲ್ಲ ಕಣ್ರೀ, ಇಂಗೇಯ” ಅಂದೆ. “ಅವಳು ಬರಬಾರ್ದು ಅಂದ್ರೆ ಧಾರೆಗೆ ನಾನೂ ಇರಕಿಲ್ಲ.” ಅವರು ಕಾಫಿಯನ್ನೂ ಕುಡಿಯದೆ ಎದ್ದರು.

ರಘು ನನ್ನನ್ನು ಬಿಟ್ಟು ಆ ಹುಡುಗಿಯನ್ನೇ ನಂಬಿಕೊಂಡಿದ್ದ. ಅಪ್ಪ ಅಮ್ಮ ಬೇಡ ಎಂದರೂ ಅವಳು ಬರುತ್ತಾಳೆ ಎಂದುಕೊಂಡಿದ್ದ. ಹೋದ ವಾರ ಅವಳೇ ಫೋನ್ ಮಾಡಿದಳು. ಅವನು ಅದನ್ನು ನನಗೆ ಹೇಳಿದ್ದು ನಿನ್ನೆ. ಅವಳು ಹೇಳಿದ್ದು ಇಷ್ಟಂತೆ: “ನಿಮ್ಮಕ್ಕ ಯಾರನ್ನ ಮದ್ವೆ ಆದ್ರು ಅನ್ನೋದು ನಂಗೆ ಮುಖ್ಯ ಅಲ್ಲ. ಅವರು ನಿಮ್ಮ ತಟ್ಟೆಗೆ ಬಡಿಸ್ತಿದ್ರು, ನೀವು ಫೋನ್ ನೋಡ್ತಿದ್ರಿ. ನಾಳೆ ನನಗೆ ಏನಾದ್ರೂ ಆದ್ರೆ ನೀವು ಹಿಂಗೇ ಫೋನ್ ನೋಡ್ತೀರಿ.” ಅಷ್ಟು ಹೇಳಿ ಇಟ್ಟಳಂತೆ.

ಅವನು ಈಗ ನಿನ್ನನ್ನು ಬೈಯುತ್ತಿಲ್ಲ. ಯಾರನ್ನೂ ಬೈಯುತ್ತಿಲ್ಲ. ತಲೆ ಬಾಚುವುದೂ ಬಿಟ್ಟಿದ್ದಾನೆ.

ನಿಮ್ಮಪ್ಪನನ್ನು ಕರೆದೆ, ಹೋಗಿ ಮಗಳನ್ನು ನೋಡಿ ಬರೋಣ ಅಂತ. “ಮಗಳಲ್ಲ ಅನ್ನಕ್ಕಾಗಲ್ಲ, ಅದಕ್ಕೆ ಅಂದೆ. ಅಂದ ಮಾತ್ರಕ್ಕೆ ಒಪ್ಪಿದೀನಿ ಅಂತಲ್ಲ” ಅಂದರು. ಅವರು ಹಾಗೇ.

ನಾನು ಬರುತ್ತೇನೆ, ಪುಟ್ಟಿ. ಮುಂದಿನ ಸೋಮವಾರ, ನಿಮಗೆ ರಜ ಇರುತ್ತದಲ್ಲ. ಹುಣಸೂರಿಗೆ ಬಂದು ಅಲ್ಲಿಂದ ಬಸ್ಸು ಹತ್ತುತ್ತೇನೆ. ಬೇಡ ಎಂದರೆ ಬರೆ.

ಅವ್ವ


ಬೈಲಕುಪ್ಪೆ
18 ಏಪ್ರಿಲ್ 2025

ಅವ್ವ,

ಸೋಮವಾರ ಬೇಡ.

ಸೋಮವಾರ ಬಾಗಿಲು ಹಾಕಿರುತ್ತೇವೆ. ಯಾರೂ ಇರುವುದಿಲ್ಲ, ಯಾರೂ ನೋಡುವುದಿಲ್ಲ. ಅದಕ್ಕೇ ಆ ದಿನ ಆರಿಸಿದೆಯೋ, ಇಲ್ಲ ನನಗೆ ಕೆಲಸ ಕಮ್ಮಿ ಇರಲಿ ಎಂದೋ, ನಾನು ಕೇಳುವುದಿಲ್ಲ. ಇಪ್ಪತ್ತೇಳನೇ ತಾರೀಕು ಭಾನುವಾರ ಬಾ. ಎಲ್ಲ ಟೇಬಲ್ಲೂ ತುಂಬಿರುವ ಹೊತ್ತಿಗೆ ಬಾ. ಏನು ಬೇಕೆಂದು ಕೇಳಲು ರಮಿಲ್ ಬರುತ್ತಾನೆ. ನೀನು ಯಾರೆಂದು ಅವನಿಗೆ ನೀನೇ ಹೇಳಬೇಕು. ನಾನು ಹೇಳಿಕೊಡುವುದಿಲ್ಲ.

ನನ್ನ ಕೋಪ ಇನ್ನೂ ಇದೆ. ಇಟ್ಟುಕೊಂಡೇ ಬಡಿಸುತ್ತೇನೆ.

ಪುಟ್ಟಿ


ಬೈಲಕುಪ್ಪೆ
28 ಏಪ್ರಿಲ್ 2025

ಅಪ್ಪ,

ನಿಮಗೆ ಕಾಗದ ಬರೆದು ಎಷ್ಟೋ ವರ್ಷವಾಯಿತು. ಅವ್ವ ಮನೆಗೆ ಬಂದು ಏನು ಹೇಳಿದಳೋ ಗೊತ್ತಿಲ್ಲ. ಆದದ್ದನ್ನು ನಾನು ಬರೆಯುತ್ತೇನೆ.

ನಿನ್ನೆ ಜನ ಬಹಳ ಇದ್ದರು. ಕೇರಳದಿಂದ ಬಂದ ಒಂದು ದೊಡ್ಡ ಸಂಸಾರ, ಒಂದು ಟೇಬಲ್ ತುಂಬ ಕ್ಯಾಂಪಿನ ಸನ್ಯಾಸಿಗಳು, ಪಿರಿಯಾಪಟ್ಟಣದ ಇಬ್ಬರು ಮೇಷ್ಟ್ರು. ಅವ್ವ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನಾನು ನೋಡಿದೆ. ಹೋಗಿ ಕರೆಯಲಿಲ್ಲ. ಅವಳು ಸುಮ್ಮನೆ ಬಂದು ಎಲ್ಲಾದರೂ ಕೂರುತ್ತಾಳೆ ಎಂದುಕೊಂಡಿದ್ದೆ. ಅವಳು ಅಲ್ಲಿಂದಲೇ, ಗದ್ದೆಯ ಬದುವಿನ ಮೇಲೆ ನಿಂತು ಕೂಗುವ ಹಾಗೆ, “ಪುಟ್ಟೀ” ಎಂದಳು. ತಿನ್ನುತ್ತಿದ್ದವರೆಲ್ಲ ತಿರುಗಿದರು. ನನ್ನ ಕೈಯಲ್ಲಿ ಎರಡು ತಟ್ಟೆ ಇದ್ದವು, ಅಪ್ಪ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ರಮಿಲ್ ಮೆನು ತೆಗೆದುಕೊಂಡು ಹೋದ. ಮೇಷ್ಟ್ರ ಪಕ್ಕದ ಕುರ್ಚಿ ಒಂದೇ ಖಾಲಿ ಇತ್ತು. ಅವ್ವ ಕೂತು ಅವನ ಮುಖ ನೋಡಿದಳು. “ನಾನು ಪುಟ್ಟಿ ಅವ್ವ ಕಣಪ್ಪ. ನಿಂಗೆ ಅತ್ತೆ.” ಅವನು ಬಗ್ಗಿ ಅವಳ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡ. ಅವರ ಊರಿನಲ್ಲಿ ಹಿರಿಯರಿಗೆ ನಮಸ್ಕಾರ ಮಾಡುವುದು ಹಾಗೆ. ಅವ್ವನಿಗೆ ಅದು ಗೊತ್ತಿಲ್ಲ, ಬೆಚ್ಚಿ ಕೈ ಎಳೆದುಕೊಂಡಳು. ಆಮೇಲೆ ಏನೆಂದು ಅರ್ಥವಾಗಿ, ಅದೇ ಕೈಯನ್ನು ಮತ್ತೆ ಚಾಚಿದಳು.

ಪಕ್ಕದಲ್ಲಿದ್ದ ಮೇಷ್ಟ್ರು, “ನಿಮ್ಮ ಮಗಳಾ ಅಮ್ಮ?” ಎಂದು ಕೇಳಿದರು. “ನನ್ನ ಮಗಳೇಯ. ಕೋಪ ಮಾಡ್ಕಂಡವ್ಳೆ” ಅಂದಳು.

ಊಟ ಅವಳಿಗೆ ಹಿಡಿಸಲಿಲ್ಲ. ಸುಳ್ಳು ಯಾಕೆ. ಕೋಳಿ ಹುಳಿ ಎಂದಳು, ಸಾರಿಗೆ ಉಪ್ಪಿಲ್ಲ ಎಂದಳು, ಹಸಿಮೆಣಸಿನಕಾಯಿ ಕೇಳಿ ತರಿಸಿಕೊಂಡು ಕಚ್ಚಿಕೊಂಡು ತಿಂದಳು. ಚಿನ್ನು ಅವಳ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ನಾನು ಅವ್ವನ ಜೊತೆ ಹೆಚ್ಚು ಮಾತಾಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದಾಗ ಅವಳು ನನ್ನ ಗಲ್ಲ ಮುಟ್ಟಿದಳು. ನಾನು ತಡೆಯಲಿಲ್ಲ. ಅಷ್ಟೇ ನಮ್ಮಿಬ್ಬರಿಂದ ಆಗಿದ್ದು.

ಬಸ್ಸಿಗೆ ಎಂದು ಅವಳು ಹೇಳಿದ್ದು ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಅವಳನ್ನು ಕರೆದುಕೊಂಡು ಬಂದಿದ್ದು ರಘು. ರಸ್ತೆಯಾಚೆ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಅದರ ಮೇಲೇ ಕೂತಿದ್ದ. ಫೋನ್ ಜೇಬಿನಲ್ಲಿತ್ತು. ಅವ್ವ ಊಟ ಮುಗಿಸುವವರೆಗೆ ನಮ್ಮ ಬಾಗಿಲನ್ನೇ ನೋಡುತ್ತಿದ್ದನೆಂದು ರಮಿಲ್ ಆಮೇಲೆ ಹೇಳಿದ; ಒಳಗೆ ಬರಲಿಲ್ಲ. ಅವ್ವನನ್ನು ಕಳಿಸಲು ನಾನು ಹೊರಗೆ ಬಂದು ನಿಂತೆ. ಅವನೂ ನೋಡಿದ, ನಾನೂ ನೋಡಿದೆ. ಕರೆದಿದ್ದರೆ ಬರುತ್ತಿದ್ದನೋ ಏನೋ. ಅವನ ಮದುವೆ ನನ್ನಿಂದ ಮುರಿಯಿತೋ ಅವನಿಂದಲೇ ಮುರಿಯಿತೋ, ನಮ್ಮಿಬ್ಬರಿಗೂ ಇನ್ನೂ ತೀರ್ಮಾನವಾಗಿಲ್ಲ.

ನೀವು ಹುಣಸೂರಿನಲ್ಲಿ ಹೇಳಿದ್ದನ್ನು ಅವ್ವ ಬರೆದಿದ್ದಳು. ಆಮೇಲೆ ಮನೆಯಲ್ಲಿ ಹೇಳಿದ್ದನ್ನೂ ಬರೆದಿದ್ದಳು. ಒಪ್ಪಿದ್ದೇನೆ ಎಂದಲ್ಲ ಎಂದಿರಂತೆ. ನೀವು ಒಪ್ಪುವವರೆಗೆ ಕಾಯೋಣವೆಂದರೆ ಚಿನ್ನು ದೊಡ್ಡವಳಾಗಿಬಿಡುತ್ತಾಳೆ. ಒಪ್ಪದೇ ಬನ್ನಿ. ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಈ ಊಟವನ್ನು ಒಪ್ಪದವರೇ, ಮೂಗು ಮುರಿದುಕೊಂಡೇ ಕೂರುತ್ತಾರೆ. ಅವರಿಗೂ ಬಿಸಿ ಅನ್ನವನ್ನೇ ಬಡಿಸುತ್ತೇವೆ.

ನಿಮ್ಮ ಮಗಳು,
ಸುಚಿತ್ರ